ಕಾಯದೆ ಹೋದ ಪಠ್ಯಕ್ರಮ

(ದೆಹಲಿಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈ ದತ್ತಿಯ ನಿಬಂಧನೆಯಲ್ಲಿ ಉಪನ್ಯಾಸದ ವಿಷಯವು ವಿದ್ಯಾಭ್ಯಾಸಕ್ಕೆ ಸಂಬಂಧಪಟ್ಟಿರತಕ್ಕದ್ದೆಂಬ ಒಂದು ಮಾತನ್ನು ಬಿಟ್ಟರೆ ಬೇರೆ ಕಟ್ಟುಪಾಡು ಯಾವುದೂ ಇಲ್ಲದಿರುವುದರಿಂದ, ಪ್ರಾಚೀನ ಗುರುಕುಲಗಳ ವೈಭವವನ್ನೋ ನಮ್ಮ ವಿಶ್ವವಿದ್ಯಾಲಯಗಳ ಚರಿತ್ರೆಯನ್ನೋ ವರ್ಣಿಸಿ ತಮ್ಮ ಸಂಜೆಯನ್ನು ಸುಖವಾಗಿ ಕಳೆಯಿಸುವ ಸ್ವಾತಂತ್ರ್ಯ ನನಗಿತ್ತು. ಆ ಸ್ವಾತಂತ್ರ್ಯವನ್ನು ಬದಿಗಿಟ್ಟು, ಬಹುಮಂದಿ ಮುಗಿದುಹೋಯಿತೆಂದು ಭಾವಿಸಿರುವ ಒಂದು ಸಂಗತಿಯನ್ನು, ಎಂದರೆ ಕೊರೋನಾ ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿದುದರಿಂದ ಮಕ್ಕಳ ಕಲಿಕೆಗೆ ಒದಗಿದ ಹಾನಿಯನ್ನೂ, ಆ ಹಾನಿಯನ್ನು ತುಂಬಿಕೊಡುವುದರಲ್ಲಿ ನಾವು ಯಾರನ್ನು ಮುಂದಿಟ್ಟೆವು ಯಾರನ್ನು ಹಿಂದಿಟ್ಟೆವೆಂಬುದನ್ನೂ ಇಂದು ವಿಚಾರಕ್ಕೆ ತೆಗೆದುಕೊಂಡಿದ್ದೇನೆ. ಹಾನಿಯನ್ನು ಮರೆತವರು ಸಾಮಾನ್ಯವಾಗಿ ಅದು ತಟ್ಟದೆ ಉಳಿದವರು. ತಟ್ಟಿದವರಿಗೆ ಇಂಥ ಸಭೆಗಳಲ್ಲಿ ಎದ್ದು ಮಾತನಾಡುವ ಅವಕಾಶ ಒದಗುವುದಿಲ್ಲ.

ಮೊದಲು ದಿನಾಂಕಗಳನ್ನು ನೆನಪಿಗೆ ತಂದುಕೊಳ್ಳೋಣ. ದೆಹಲಿಯ ಪ್ರಾಥಮಿಕ ಶಾಲೆಗಳು ಮುಚ್ಚಿದುದು 2020ರ ಮಾರ್ಚ್ 6ರಂದು, ದೇಶವ್ಯಾಪಿ ಲಾಕ್‌ಡೌನಿಗೆ ಸುಮಾರು ಮೂರು ವಾರ ಮುಂಚೆಯೇ. ಮರುವರ್ಷದ ಜನವರಿ 18ರಂದು ಹತ್ತು ಮತ್ತು ಹನ್ನೆರಡನೆಯ ತರಗತಿಗಳೂ, ಫೆಬ್ರವರಿ 5ರಂದು ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳೂ ಆರಂಭವಾಗಿ, ಏಪ್ರಿಲಿನ ಎರಡನೆಯ ಅಲೆಯಲ್ಲಿ ಪುನಃ ನಿಂತು, ಸೆಪ್ಟೆಂಬರ್ 1ರಂದು ಮತ್ತೆ ಮೊದಲಾದರೂ, ಚಿಕ್ಕ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದುದು 2021ರ ನವೆಂಬರ್ 1ರಂದು. ಎರಡು ವಾರ ಕಳೆಯುವಷ್ಟರಲ್ಲಿ ಊರ ಮೇಲೆ ಹೊಗೆ ಕವಿದು ಅದೂ ಮುಚ್ಚಿತು; ನವೆಂಬರ್ 29ರಂದು ತೆರೆದದ್ದು ಸರ್ವೋಚ್ಚ ನ್ಯಾಯಾಲಯದ ಆಕ್ಷೇಪದ ಮೇಲೆ ಡಿಸೆಂಬರ್ 3ಕ್ಕೆ ನಿಂತಿತು; ಆಮೇಲೆ ಒಮಿಕ್ರಾನ್ ಬಂದಿತು. ಕಡೆಗೆ ನರ್ಸರಿಯಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಶಾಲೆಯ ಮುಖ ಕಂಡದ್ದು 2022ರ ಫೆಬ್ರವರಿ 14ರಂದು. ಈ ಕ್ರಮದಲ್ಲಿ ಅಡಗಿರುವ ಆದ್ಯತೆಯನ್ನು ತಾವು ಗಮನಿಸಬೇಕು. ಯಾರಿಗೆ ಪಬ್ಲಿಕ್ ಪರೀಕ್ಷೆ ಕಾದಿತ್ತೋ ಅವರನ್ನು ಮೊದಲು ಕರೆದೆವು. ಯಾರು ಉಪಾಧ್ಯಾಯರ ಕೈಹಿಡಿಯದೆ ಅಕ್ಷರವನ್ನು ಕಲಿಯಲಾರರೋ, ಪುಸ್ತಕ ಕೊಟ್ಟು ಮನೆಯಲ್ಲಿ ಓದಿಕೋ ಎಂದು ಹೇಳುವುದು ಯಾರ ವಿಷಯದಲ್ಲಿ ಅರ್ಥಹೀನವೋ, ಆ ಆರು ವರ್ಷದವರನ್ನು ಎಲ್ಲರಿಗಿಂತ ಕಡೆಗೆ ಕರೆದೆವು. ರೋಗಶಾಸ್ತ್ರದ ಕಾರಣಗಳು ಇದಕ್ಕೆ ಇದ್ದಿರಬಹುದು. ಶಿಕ್ಷಣಶಾಸ್ತ್ರದ ಕಾರಣ ಯಾವುದೂ ಇರಲಿಲ್ಲ.

ಶಾಲೆ ಮುಚ್ಚಿದರೂ ಪಾಠ ನಿಲ್ಲಲಿಲ್ಲವೆಂದು ಆಗ ಹೇಳುತ್ತಿದ್ದರು. ದ್ವಾರಕಾದ, ಮಯೂರ ವಿಹಾರದ, ನೋಯಿಡಾದ ನಮ್ಮ ವಸತಿ ಸಮುಚ್ಚಯಗಳಲ್ಲಿ ಆ ಮಾತು ನಿಜವೂ ಆಗಿತ್ತು. ಅಲ್ಲಿ ಒಂದು ಕೋಣೆಯಲ್ಲಿ ತಂದೆಯ ಕಚೇರಿ, ಇನ್ನೊಂದರಲ್ಲಿ ಮಗಳ ಗಣಿತ, ಅಡಿಗೆಮನೆಯ ಪಕ್ಕದ ಮೇಜಿನ ಮೇಲೆ ಮಗನ ವಿಜ್ಞಾನ ಏಕಕಾಲದಲ್ಲಿ ಸಾಗುತ್ತಿದ್ದವು. ಅದೇ ಮನೆಯ ಪಾತ್ರೆ ತೊಳೆಯುವ ತಾಯಿಯ ಮಗುವಿಗೆ ಇದ್ದದ್ದು ಒಂದು ಮೊಬೈಲು. ಅದು ಬೆಳಗ್ಗೆ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗಿ, ರಾತ್ರಿ ಬ್ಯಾಟರಿ ಮುಗಿದು ಹಿಂತಿರುಗುತ್ತಿತ್ತು. 2021ರ ಆಗಸ್ಟಿನಲ್ಲಿ ಅರ್ಥಶಾಸ್ತ್ರಜ್ಞರಾದ ಜ್ಯಾಂ ದ್ರೇಜ್, ರೀತಿಕಾ ಖೇರಾ ಮೊದಲಾದವರು ದೆಹಲಿ, ಹರಿಯಾಣ, ಉತ್ತರ ಪ್ರದೇಶ, ಕರ್ನಾಟಕಗಳೂ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡಕುಟುಂಬಗಳ ಸುಮಾರು 1,400 ಮಕ್ಕಳನ್ನು ವಿಚಾರಿಸಿದಾಗ, ಕ್ರಮವಾಗಿ ಆನ್‌ಲೈನಿನಲ್ಲಿ ಓದುತ್ತಿದ್ದವರು ನಗರಗಳಲ್ಲಿ ಶೇ. 24, ಹಳ್ಳಿಗಳಲ್ಲಿ ಶೇ. 8 ಮಾತ್ರವೆಂದು ತಿಳಿದುಬಂದಿತು; ಅವರು ಓದಿಸಿ ನೋಡಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೆಲವು ಪದಗಳನ್ನು ಮೀರಿ ಓದಲಾಗಲಿಲ್ಲ.

ಒಂದೇ ತರಗತಿಯ ಒಳಗೂ ಈ ಭೇದವಿತ್ತೆಂಬುದಕ್ಕೆ ದೆಹಲಿಯ ಉಚ್ಚ ನ್ಯಾಯಾಲಯದ ತೀರ್ಪೊಂದು ಸಾಕ್ಷಿಯಾಗಿದೆ. ಶಿಕ್ಷಣದ ಹಕ್ಕಿನ ಕಾಯಿದೆಯ ಮೇರೆಗೆ ಖಾಸಗಿ ಶಾಲೆಗಳಲ್ಲಿ ನಾಲ್ಕರಲ್ಲೊಂದು ಪಾಲು ಸ್ಥಾನವನ್ನು ಪಡೆದ ಬಡಮಕ್ಕಳು, ಶಾಲೆ ತೆರೆದಿದ್ದಷ್ಟು ಕಾಲ ಉಳಿದವರ ಪಕ್ಕದ ಬೆಂಚಿನಲ್ಲಿ ಕುಳಿತು, ಪಾಠವು ಪರದೆಗೆ ಏರಿದೊಡನೆ ಸದ್ದಿಲ್ಲದೆ ತರಗತಿಯಿಂದ ಹೊರಗುಳಿದರು. 2020ರ ಸೆಪ್ಟೆಂಬರ್ 18ರಂದು ನ್ಯಾಯಮೂರ್ತಿ ಮನಮೋಹನ್ ಮತ್ತು ನ್ಯಾಯಮೂರ್ತಿ ಸಂಜೀವ್ ನರೂಲಾ ಅವರ ಪೀಠವು ಇದು ತಾರತಮ್ಯವೇ ಸರಿಯೆಂದು ನಿರ್ಣಯಿಸಿ, ಆ ಮಕ್ಕಳಿಗೆ ಉಪಕರಣವನ್ನೂ ಇಂಟರ್‌ನೆಟ್ಟನ್ನೂ ಶಾಲೆಗಳೇ ಒದಗಿಸತಕ್ಕದ್ದೆಂದು ಆಜ್ಞಾಪಿಸಿತು. 2021ರ ಫೆಬ್ರವರಿಯಲ್ಲಿ ಆ ಆಜ್ಞೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ತಡೆ ದೊರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ಸದಸ್ಯರಾಗಿದ್ದ ಪೀಠವು ಉಚ್ಚ ನ್ಯಾಯಾಲಯದ ಕಾಳಜಿಯನ್ನು ಎತ್ತಿಹಿಡಿದು, ಯೋಜನೆಯೊಂದನ್ನು ರೂಪಿಸಿರೆಂದು ಸರಕಾರಗಳಿಗೆ ಸೂಚಿಸಿತು. ಅಷ್ಟು ಹೊತ್ತಿಗೆ ಶಾಲೆಗಳು ತೆರೆಯುವ ಕಾಲ ಬಂದಿತ್ತು. ವ್ಯಾಜ್ಯದ ಗತಿಗೂ ಬಾಲ್ಯದ ಗತಿಗೂ ಹೊಂದಿಕೆಯಿಲ್ಲ.

ಇಷ್ಟು ಹಾನಿಯ ಮಾತಾಯಿತು. ಈಗ ನಾನು ಹೇಳಬಯಸುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಶಾಲೆ ಮುಚ್ಚಿದ್ದು ಮಕ್ಕಳಿಗಾದ ಮೊದಲ ಪೆಟ್ಟು. ಶಾಲೆ ತೆರೆದ ದಿನ, ನಡುವೆ ಏನೂ ನಡೆದೇ ಇಲ್ಲವೆಂಬಂತೆ, ಮಗು ಈಗ ಯಾವ ತರಗತಿಯಲ್ಲಿ ಇರಬೇಕಾಗಿತ್ತೋ ಆ ತರಗತಿಯ ಪುಸ್ತಕವನ್ನು ಅದರ ಕೈಗಿತ್ತು ಮೊದಲನೆಯ ಪುಟದಿಂದ ಪಾಠ ಆರಂಭಿಸಿದ್ದು ಎರಡನೆಯ ಪೆಟ್ಟು. ಮತ್ತು ಎರಡನೆಯದೇ ಹೆಚ್ಚು ಆಳವಾದದ್ದು. ಇದು ನನ್ನೊಬ್ಬನ ಊಹೆಯಲ್ಲ. 2005ರಲ್ಲಿ ಪಾಕಿಸ್ತಾನದ ಉತ್ತರ ಭಾಗದಲ್ಲಿ ಆದ ಭೂಕಂಪದ ತರುವಾಯ ಅಲ್ಲಿಯ ಶಾಲೆಗಳು ಸರಾಸರಿ 14 ವಾರ ಮುಚ್ಚಿದ್ದವು. ಮನೆಗಳಿಗೆ ಧಾರಾಳವಾಗಿ ನೆರವು ಬಂದು, ನಾಲ್ಕು ವರ್ಷಗಳಲ್ಲಿ ಮನೆಮಠಗಳೂ ಬದುಕೂ ಮೊದಲಿನಂತಾದವು. ಆದರೆ ತಾಹಿರ್ ಅಂದ್ರಾಬಿ, ಬೆಂಜಮಿನ್ ಡೇನಿಯಲ್ಸ್, ಜಿಷ್ಣು ದಾಸ್ ಎಂಬ ವಿದ್ವಾಂಸರು ಮಕ್ಕಳನ್ನು ಪರೀಕ್ಷಿಸಿದಾಗ ಭೂಕಂಪದ ನೆಲದ ಮಕ್ಕಳು ದೂರದ ಮಕ್ಕಳಿಗಿಂತ ಒಂದೂವರೆ ವರ್ಷದ ಓದಿನಷ್ಟು ಹಿಂದುಳಿದಿದ್ದರು. 14 ವಾರದ ನಷ್ಟವು ಒಂದೂವರೆ ವರ್ಷವಾಗಿ ಬೆಳೆದದ್ದು ಹೇಗೆ? ಶಾಲೆ ತೆರೆದ ಮೇಲೆ ಪಠ್ಯಕ್ರಮವು ಅವರನ್ನು ಕಾಯದೆ ಮುಂದೆ ಹೋದದ್ದರಿಂದ ಎಂದು ಆ ವಿದ್ವಾಂಸರು ಊಹಿಸುತ್ತಾರೆ. ಇನ್ನೊಂದು ವಿಶೇಷವನ್ನೂ ಅವರು ಕಂಡರು: ತಾಯಿ ಪ್ರಾಥಮಿಕ ಶಾಲೆಯನ್ನಾದರೂ ಮುಗಿಸಿದ್ದ ಮನೆಗಳಲ್ಲಿ ಮಕ್ಕಳು ಹಿಂದುಳಿದಿರಲೇ ಇಲ್ಲ. ಓದಬಲ್ಲ ತಾಯಿಯುಳ್ಳ ಮಗುವಿಗೆ ಮನೆಯಲ್ಲಿ ಯಾರೋ ಹಿಂದಿನ ಪುಟವನ್ನು ತಿರುವಿ ಹೇಳಿಕೊಟ್ಟರು. ಉಳಿದವರಿಗೆ ಆ ಕೆಲಸವನ್ನು ಮಾಡಬೇಕಾಗಿದ್ದ ಶಾಲೆ ಮುಂದಿನ ಪುಟಕ್ಕೆ ಹೋಗಿತ್ತು. ಪಂಕ್ತಿಯ ಕೊನೆಯ ಎಲೆಗೆ ಅನ್ನವೇ ಬಂದಿಲ್ಲದಿರುವಾಗ ಮೊದಲ ಎಲೆಯವರಿಗೆ ಮಜ್ಜಿಗೆ ಬಡಿಸಲು ಹೊರಟವರನ್ನು ನಾವು ಮದುವೆಯ ಮನೆಯಲ್ಲಾದರೆ ಗದರಿಸಿ ನಿಲ್ಲಿಸುತ್ತೇವೆ.

ನಮ್ಮ ಶಾಲೆಗಳಲ್ಲಿ ಈ ಬಡಿಸುವ ಕ್ರಮ ಮಹಾಮಾರಿಯಿಂದ ಹುಟ್ಟಿದ್ದಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 2015ರಲ್ಲಿ, ರೋಗದ ಸುಳಿವೇ ಇಲ್ಲದಿದ್ದ ಕಾಲದಲ್ಲಿ, ದೆಹಲಿಯ ಸರಕಾರಿ ಶಾಲೆಗಳ 619 ವಿದ್ಯಾರ್ಥಿಗಳನ್ನು ಒಳಗೊಂಡ ಸಂಶೋಧನೆಯೊಂದನ್ನು ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್, ಅಲೆಹಾಂದ್ರೊ ಗನಿಮಿಯನ್ ನಡೆಸಿದಾಗ, ಆರನೆಯ ತರಗತಿಯ ಸಾಮಾನ್ಯ ವಿದ್ಯಾರ್ಥಿ ಗಣಿತದಲ್ಲಿ ತನ್ನ ತರಗತಿಗಿಂತ ಎರಡೂವರೆ ತರಗತಿಗಳಷ್ಟು ಕೆಳಗಿರುವುದು ಕಂಡಿತ್ತು. ‘ಅಸರ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಕಲಿಕೆಯ ಸಮೀಕ್ಷಾ ವರದಿಯ ಅಂಕಿಗಳನ್ನು ನೋಡಿ: ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇ. 27.3, 2022ರಲ್ಲಿ ಶೇ. 20.5, 2024ರಲ್ಲಿ ಶೇ. 27.1. ಈ ಮೂರನೆಯ ಅಂಕಿ ಹೊರಬಿದ್ದಾಗ ಪತ್ರಿಕೆಗಳು ಚೇತರಿಕೆಯೆಂದು ಸಂತೋಷಪಟ್ಟವು. ಸಂತೋಷಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಉಪಾಧ್ಯಾಯರ ಶ್ರಮ ಅದರಲ್ಲಿದೆ. ಆದರೆ ನಾಲ್ವರಲ್ಲಿ ಮೂವರು ಓದಲಾರದೆ ಇದ್ದ ಸ್ಥಿತಿಗೆ ಹಿಂದಿರುಗಿದೆವೆಂಬುದು ಆ ಮೂವರಿಗೆ ಯಾವ ಅರ್ಥದಲ್ಲಿ ಚೇತರಿಕೆ? (ಈ ವರದಿ ಹಳ್ಳಿಗಳದು ಮಾತ್ರ, ಸಂಗಮ ವಿಹಾರದ, ಸೀಮಾಪುರಿಯ, ಖೋಡಾ ಕಾಲೊನಿಯ ಮಕ್ಕಳು ಅದರ ಲೆಕ್ಕಕ್ಕೆ ಬರುವುದಿಲ್ಲ. ನಗರದ ಬಡವರು ಹಳ್ಳಿಯ ಬಡವರಿಗಿಂತ ಅನುಕೂಲಸ್ಥರೆಂಬ ಗ್ರಹಿಕೆಯೊಂದು ನಮ್ಮ ಸಮೀಕ್ಷೆಗಳಲ್ಲಿ ಬೇರೂರಿದೆ.)

ಹಾಗಾದರೆ ಏನನ್ನು ಮಾಡಬೇಕು? ಉತ್ತರವನ್ನು ಹುಡುಕಿಕೊಂಡು ಫಿನ್‌ಲ್ಯಾಂಡಿಗೆ ಹೋಗಬೇಕಾಗಿಲ್ಲ. ರಾಷ್ಟ್ರ ರಾಜಧಾನಿ ಪ್ರದೇಶದ ಒಳಗೇ, ಹರಿಯಾಣದ ಮಹೇಂದ್ರಗಢದಲ್ಲಿ ಅದು ದೊರಕಿದೆ. ‘ಪ್ರಥಮ್’ ಎಂಬ ಶಿಕ್ಷಣ ಸಂಸ್ಥೆಯವರು ವರ್ಷಗಳಿಂದ ನಡೆಸುತ್ತ ಬಂದಿದ್ದ ಒಂದು ಪದ್ಧತಿ ಸರಳವಾದದ್ದು: ಮಕ್ಕಳನ್ನು ವಯಸ್ಸಿನಿಂದಲೂ ತರಗತಿಯಿಂದಲೂ ಗುಂಪುಮಾಡದೆ, ಅಕ್ಷರ ಬಲ್ಲವರು, ಪದ ಬಲ್ಲವರು, ವಾಕ್ಯ ಬಲ್ಲವರು ಎಂದು ಅವರವರ ಮಟ್ಟಕ್ಕೆ ತಕ್ಕಂತೆ ಕೂಡಿಸಿ, ಅಲ್ಲಿಂದ ಮುಂದಕ್ಕೆ ಕಲಿಸುವುದು. 2008ರ ಬೇಸಿಗೆಯಲ್ಲಿ ಬಿಹಾರದ ಸರಕಾರಿ ಉಪಾಧ್ಯಾಯರೇ ಈ ಪದ್ಧತಿಯನ್ನು ಶಿಬಿರಗಳಲ್ಲಿ ನಡೆಸಿದಾಗ ಮಕ್ಕಳು ಒಂದು ತಿಂಗಳಲ್ಲಿ ಗಣನೀಯವಾಗಿ ಮುಂದುವರಿದರು. ಅದೇ ರಾಜ್ಯದ ಉಪಾಧ್ಯಾಯರು ಅದೇ ತರಬೇತಿಯನ್ನೂ ಸಾಮಗ್ರಿಯನ್ನೂ ಪಡೆದು ಶಾಲೆಯ ವರ್ಷದಲ್ಲಿ ಅದನ್ನು ನಡೆಸಬೇಕಾದಾಗ ಫಲ ಕಾಣಲಿಲ್ಲ. ಬೇಸಿಗೆಯಲ್ಲಿ ಸಿಲಬಸ್ ಇರಲಿಲ್ಲ. ಜೂನ್ ಕಳೆದ ಮೇಲೆ ಅದು ಬಂದು ತಲೆಯ ಮೇಲೆ ಕುಳಿತುಕೊಂಡಿತು. ಈ ಅನುಭವದಿಂದ ಪಾಠ ಕಲಿತು, 2012–13ರಲ್ಲಿ ಹರಿಯಾಣದ ಮಹೇಂದ್ರಗಢ ಮತ್ತು ಕುರುಕ್ಷೇತ್ರ ಜಿಲ್ಲೆಗಳಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕಾಗಿಯೇ ಸರಕಾರದ ಆಜ್ಞೆಯಿಂದ ಬೇರೆ ತೆಗೆದಿರಿಸಿ, ಮೇಲ್ವಿಚಾರಕರಿಗೆ ಮೊದಲು ತಾವೇ ಮಕ್ಕಳಿಗೆ ಕಲಿಸಿ ನೋಡುವ ಅಭ್ಯಾಸವನ್ನು ಮಾಡಿಸಿದರು. ಆಗ ಭಾಷೆಯ ಕಲಿಕೆಯಲ್ಲಿ ಫಲ ಕಂಡಿತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತೆರ್ ಡುಫ್ಲೊ ಇವರ ಸಂಶೋಧನೆಗಳಲ್ಲಿ ಇದೂ ಸೇರಿದೆ. ಉಪಾಧ್ಯಾಯರಿಗೆ ಕಲಿಸಲು ಬಾರದು ಎಂದು ನಾವು ಸಾಮಾನ್ಯವಾಗಿ ಹೊರಿಸುವ ಅಪವಾದವನ್ನು ಬಿಹಾರದ ಆ ಒಂದು ಬೇಸಿಗೆಯೇ ಸುಳ್ಳುಮಾಡುತ್ತದೆ. ಅವರಿಗೆ ಕಲಿಸಲು ಬರುತ್ತದೆ. ಅವರನ್ನು ಕೇಳುವ ಪ್ರಶ್ನೆ ಮಾತ್ರ ಪಾಠ ಎಲ್ಲಿಗೆ ಬಂತು ಎಂಬುದು, ಮಗು ಎಲ್ಲಿಗೆ ಬಂತು ಎಂಬುದಲ್ಲ.

ದೆಹಲಿಯ ಆಡಳಿತ ಈ ಮಾರ್ಗವನ್ನು ಅರಿಯದೆ ಇರಲಿಲ್ಲ. 2016ರ ‘ಚುನೌತಿ’, 2018ರ ‘ಮಿಷನ್ ಬುನಿಯಾದ್’ ಎಂಬ ಯೋಜನೆಗಳೆರಡೂ ಇದೇ ತತ್ತ್ವದವು, ಮತ್ತು ಎರಡನೆಯದನ್ನು 2022ರಲ್ಲಿ ಪುನಃ ಹೂಡಿದ್ದು ಶ್ಲಾಘ್ಯವಾದ ಕೆಲಸ. ಆದರೆ ‘ಚುನೌತಿ’ಯಲ್ಲಿ ಮಕ್ಕಳ ಗುಂಪುಗಳಿಗೆ ಪ್ರತಿಭಾ, ನಿಷ್ಠಾ, ನಿಯೋ-ನಿಷ್ಠಾ ಎಂದು ಹೆಸರಿಟ್ಟು ಪ್ರತ್ಯೇಕ ವಿಭಾಗಗಳಲ್ಲಿ ಕೂಡಿಸಿದ್ದನ್ನು ಶಿಕ್ಷಣತಜ್ಞರನೇಕರು ಆಕ್ಷೇಪಿಸಿದರು, ಆ ಆಕ್ಷೇಪ ನನಗೂ ಸಾಧುವೆಂದೇ ತೋರುತ್ತದೆ. ದಿನಕ್ಕೊಂದು ಗಂಟೆ ಮಟ್ಟಕ್ಕೆ ತಕ್ಕಂತೆ ಕುಳಿತು, ಉಳಿದ ಹೊತ್ತು ಎಲ್ಲರೊಡನೆ ಕೂಡಿ, ಆರು ವಾರಕ್ಕೊಮ್ಮೆ ಮಟ್ಟವನ್ನು ನೋಡಿ ಗುಂಪನ್ನು ಬದಲಿಸುವುದು ಒಂದು. ವರ್ಷದ ಆರಂಭದಲ್ಲಿ ಹೆಸರು ಹಚ್ಚಿ ವರ್ಷವಿಡೀ ಬೇರೆ ಕೋಣೆಯಲ್ಲಿ ಇರಿಸುವುದು ಇನ್ನೊಂದು. ಮೊದಲನೆಯದು ಔಷಧ, ಎರಡನೆಯದರಲ್ಲಿ ಹನ್ನೊಂದು ವರ್ಷದ ಹುಡುಗ ತಾನು ಯಾವ ಜಾತಿಯ ವಿದ್ಯಾರ್ಥಿಯೆಂಬುದನ್ನು ಓದಲು ಕಲಿಯುವ ಮೊದಲೇ ಕಲಿಯುತ್ತಾನೆ.

ನಮ್ಮ ಕರ್ನಾಟಕದ ಮಾತನ್ನೂ ಸ್ವಲ್ಪ ಹೇಳಬೇಕು. 2020ರ ಆಗಸ್ಟಿನಲ್ಲಿ ಅಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಉಪಾಧ್ಯಾಯರು ಅರಳಿಕಟ್ಟೆಗೂ ದೇವಸ್ಥಾನದ ಅಂಗಳಕ್ಕೂ ಸಮುದಾಯ ಭವನಕ್ಕೂ ತಾವೇ ಹೋಗಿ ಮಕ್ಕಳನ್ನು ಸೇರಿಸಿಕೊಂಡು ಪಾಠ ಹೇಳಿದರು, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿ ಮರುವರ್ಷದ ಜನವರಿಯಲ್ಲಿ ಪುನಃ ಆರಂಭಿಸಿದರು. ಅದಕ್ಕಿಂತ ಮಹತ್ತ್ವದ್ದೆಂದು ನಾನು ಎಣಿಸುವುದು 2022–23ರ ‘ಕಲಿಕಾ ಚೇತರಿಕೆ’ಯನ್ನು. ಶಾಲೆಗಳನ್ನು ವಾಡಿಕೆಗಿಂತ ಮುಂಚೆ ಮೇ 16ರಂದೇ ತೆರೆದು, ಹಿಂದೆ ಕೆಲವು ವಾರಗಳಲ್ಲಿ ಮುಗಿಯುತ್ತಿದ್ದ ಸೇತುಬಂಧವೆಂಬ ಪೂರ್ವಪಾಠದ ಬದಲು ಇಡೀ ಒಂದು ವರ್ಷವನ್ನು ಹಿಂದಿನ ಕಲಿಕೆಯನ್ನು ತುಂಬಿಕೊಡುವುದಕ್ಕೆಂದು ಕಲಿಕಾ ಹಾಳೆಗಳ ಮೂಲಕ ಮೀಸಲಿಟ್ಟದ್ದು, ಪಠ್ಯಕ್ರಮವೂ ಮಗುವಿಗಾಗಿ ಕಾಯಬಹುದೆಂದು ಒಂದು ಸರಕಾರ ಬಾಯಿಬಿಟ್ಟು ಒಪ್ಪಿಕೊಂಡ ಅಪೂರ್ವ ಸಂದರ್ಭ. ಹಾಳೆಗಳು ತುಂಬಿದಷ್ಟು ಮಕ್ಕಳ ತಲೆ ತುಂಬಲಿಲ್ಲವೆಂದು ಗೊಣಗಿದವರೂ ಇದ್ದಾರೆ. ದಾಖಲೆಯ ಹೊರೆ ನಮ್ಮ ಎಲ್ಲ ಸುಧಾರಣೆಗಳಿಗೂ ಅಂಟಿದ ರೋಗ.

ತಮಿಳುನಾಡಿನವರು 2021ರ ಅಕ್ಟೋಬರಿನಲ್ಲಿ ‘ಇಲ್ಲಂ ತೇಡಿ ಕಲ್ವಿ’ಯೆಂದು ಸಂಜೆಯ ಪಾಠಕೇಂದ್ರಗಳನ್ನು ಕೇರಿಕೇರಿಗಳಲ್ಲಿ ತೆರೆದು, ಸುಮಾರು 2 ಲಕ್ಷ ಸ್ವಯಂಸೇವಕರನ್ನು, ಅವರಲ್ಲಿ ಬಹುಪಾಲು ಆಯಾ ಊರಿನ ಹೆಣ್ಣುಮಕ್ಕಳನ್ನು, ನಿಯಮಿಸಿಕೊಂಡರು. ಸುಮಾರು 19,000 ಮಕ್ಕಳನ್ನು ಕ್ರಮವಾಗಿ ಪರೀಕ್ಷಿಸಿದ ಅಧ್ಯಯನವೊಂದರ ಮೇರೆಗೆ, ಶಾಲೆ ತೆರೆದ ಆರು ತಿಂಗಳೊಳಗೆ ಅಲ್ಲಿಯ ಗ್ರಾಮೀಣ ಮಕ್ಕಳು ಕಳೆದುಕೊಂಡದ್ದರ ಮೂರನೆಯ ಎರಡು ಪಾಲನ್ನು ಮರಳಿ ಪಡೆದರು. ಆ ಚೇತರಿಕೆಯಲ್ಲಿ ಶೇ. 24 ಈ ಸಂಜೆಯ ಕೇಂದ್ರಗಳ ಫಲ. ನನ್ನ ವಾದಕ್ಕೆ ಬೇಕಾದ ಅಂಶ ಇದರಲ್ಲಿ ಇನ್ನೊಂದಿದೆ: ಹೆಚ್ಚು ಕಳೆದುಕೊಂಡಿದ್ದ ಬಡಮನೆಯ ಮಕ್ಕಳೇ ಹೆಚ್ಚು ವೇಗವಾಗಿ ಚೇತರಿಸಿಕೊಂಡರು. ಇದಕ್ಕೆ ಹೋಲಿಸಿ ನೋಡಿದರೆ ಉತ್ತರ ಭಾರತದಲ್ಲಿ ಸಂಜೆಯ ಪಾಠವೆಂಬುದು ಟ್ಯೂಷನ್ ಅಂಗಡಿಗಳ ಪಾಲಾಗಿದೆ. ಹಣ ತೆತ್ತವನು ಮುಂದೆ ಹೋಗುತ್ತಾನೆ.

ರಾಜಧಾನಿಗೇ ವಿಶಿಷ್ಟವಾದ ತೊಡಕೊಂದುಂಟು. ಇಲ್ಲಿ ಐದನೆಯ ತರಗತಿಯವರೆಗಿನ ಸರಕಾರಿ ಶಿಕ್ಷಣ ಬಹುಮಟ್ಟಿಗೆ ನಗರಪಾಲಿಕೆಯದು, ಆರರಿಂದ ಮುಂದಕ್ಕೆ ಶಿಕ್ಷಣ ನಿರ್ದೇಶನಾಲಯದ್ದು. 2012ರಿಂದ 2022ರವರೆಗೆ ಪಾಲಿಕೆಯೇ ಮೂರು ತುಂಡಾಗಿತ್ತು. ಮಹಾಮಾರಿಯ ಕಾಲದಲ್ಲಿ ಪಾಲಿಕೆಯ ಉಪಾಧ್ಯಾಯರ ಸಂಬಳ ತಿಂಗಳುಗಟ್ಟಲೆ ಬಾಕಿಯಾಗಿ ಆ ವಿವಾದ ನ್ಯಾಯಾಲಯದವರೆಗೆ ಹೋಯಿತು. ಸಂಬಳವಿಲ್ಲದ ಆ ಉಪಾಧ್ಯಾಯರೇ ಪಡಿತರ ಹಂಚಿದರು. ಓದಲು ಬಾರದ ಮಗು ಆರನೆಯ ತರಗತಿಗೆ ಬಂದಾಗ ನಿರ್ದೇಶನಾಲಯ ಪಾಲಿಕೆಯನ್ನು ತೋರಿಸುತ್ತದೆ. ಪಾಲಿಕೆಯ ದಾಖಲೆಯಲ್ಲಿ ಆ ಮಗು ತೇರ್ಗಡೆಯಾಗಿ ಹೋಗಿರುತ್ತದೆ. ಗುರುಗ್ರಾಮದ ಕಟ್ಟಡದ ಕೆಲಸ ಮುಗಿದು ಗ್ರೇಟರ್ ನೋಯಿಡಾಕ್ಕೆ ಹೊರಟ ಕೂಲಿಯ ಮಗುವಂತೂ ಒಂದು ಮೆಟ್ರೋ ಪ್ರಯಾಣದಷ್ಟು ದೂರದಲ್ಲಿ ಮೂರು ಸರಕಾರಗಳನ್ನು ದಾಟುತ್ತದೆ, ಮತ್ತು ಅದು ಎಷ್ಟು ಕಲಿತಿದೆಯೆಂಬ ಚೀಟಿ ಅದರ ಹಿಂದೆ ಬರುವುದಿಲ್ಲ. ಈ ತೊಡಕುಗಳ ನಡುವೆಯೇ 2020ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು 2024–25ರಲ್ಲಿ ಐದನೆಯದಕ್ಕೆ ಬಂದಿತು. ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅನುತ್ತೀರ್ಣಗೊಳಿಸಬಹುದೆಂಬ ಕೇಂದ್ರದ ನಿಯಮ ಪ್ರಕಟವಾದದ್ದೂ 2024ರ ಡಿಸೆಂಬರಿನಲ್ಲಿ. ದೆಹಲಿಯೂ ಸೇರಿ ಕೆಲವು ಆಡಳಿತಗಳು ಅದಕ್ಕೆ ಮೊದಲೇ ಆ ದಾರಿ ಹಿಡಿದಿದ್ದವು. ಯಾವ ಮಗುವಿಗೆ ಒಂದನೆಯ ತರಗತಿಯನ್ನು ನಾವು ನಡೆಸಲೇ ಇಲ್ಲವೋ ಅದೇ ಮಗುವನ್ನು ನಪಾಸು ಮಾಡುವ ಅಧಿಕಾರವನ್ನು ಪಡೆದುಕೊಂಡೆವು.

ದಿವಂಗತ ಶಿಕ್ಷಣತಜ್ಞ ಜೆ.ಪಿ. ನಾಯಕರನ್ನು ಇಲ್ಲಿ ಸ್ಮರಿಸುವುದು ಉಚಿತ. ಕೊಲ್ಹಾಪುರದ ಕಡೆಯವರಾದರೂ ಬಳ್ಳಾರಿಯ ಸೆರೆಮನೆಯನ್ನೂ ಧಾರವಾಡದ ಬಳಿಯ ಉಪ್ಪಿನಬೆಟಗೇರಿಯ ಗ್ರಾಮಸೇವೆಯನ್ನೂ ಕಂಡು, ಕಡೆಗೆ ಈ ದೆಹಲಿಯಲ್ಲಿ ಕೊಠಾರಿ ಶಿಕ್ಷಣ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿ ದುಡಿದ ಅವರು, ಸಮತೆ, ಗುಣಮಟ್ಟ, ವಿಸ್ತಾರ ಇವು ಮೂರನ್ನೂ ಏಕಕಾಲದಲ್ಲಿ ಹಿಡಿಯಲಾಗದ ತ್ರಿಕೋನವೆಂದು ಭಾರತೀಯ ಶಿಕ್ಷಣವನ್ನು ಕುರಿತು ಚಿಂತಿಸಿದರು. 1966ರಲ್ಲಿ ಆ ಆಯೋಗ ಸೂಚಿಸಿದ ನೆರೆಹೊರೆಯ ಶಾಲೆ, ಎಂದರೆ ಒಂದು ನೆರೆಯ ಮಕ್ಕಳೆಲ್ಲ ಜಾತಿವರ್ಗಗಳ ಭೇದವಿಲ್ಲದೆ ಒಂದೇ ಶಾಲೆಗೆ ಹೋಗುವ ವ್ಯವಸ್ಥೆ, ಬಂದಿದ್ದರೆ 2020ರಲ್ಲಿ ಶಾಲೆ ತೆರೆಯಿರೆಂದು ಕೂಗುವವರ ಧ್ವನಿ ಇಷ್ಟು ಕ್ಷೀಣವಾಗಿ ಇರುತ್ತಿರಲಿಲ್ಲ. ಸದ್ದು ಮಾಡಬಲ್ಲ ನಮ್ಮಂಥವರ ಮಕ್ಕಳು ಪರದೆಯ ಮುಂದೆ ಕ್ಷೇಮವಾಗಿದ್ದರು.

ಮಹಾಮಾರಿ ಹೋಯಿತು, ಶಾಲೆ ಮುಚ್ಚುವ ಅಭ್ಯಾಸ ಹೋಗಲಿಲ್ಲ. ಪ್ರತಿ ಚಳಿಗಾಲವೂ ಹೊಗೆಯ ಕಾರಣದಿಂದ ಅದು ಮರುಕಳಿಸುತ್ತಿದೆ. 2024ರ ನವೆಂಬರಿನಲ್ಲಿ ತರಗತಿಗಳು ಪರದೆಗೆ ಹೋದಾಗ, ಅದೇ ತಿಂಗಳ 25ರಂದು ಸರ್ವೋಚ್ಚ ನ್ಯಾಯಾಲಯವೇ, ಮಧ್ಯಾಹ್ನದ ಊಟ ತಪ್ಪಿದ ಮತ್ತು ಆನ್‌ಲೈನ್ ಸೌಕರ್ಯವಿಲ್ಲದ ಮಕ್ಕಳ ಸ್ಥಿತಿಯನ್ನು ಎತ್ತಿ ಹೇಳಿ ನಿಯಮವನ್ನು ಮರುಪರಿಶೀಲಿಸಲು ಸೂಚಿಸಿತು. ಆಗ ಬಂದದ್ದು ‘ಹೈಬ್ರಿಡ್’ ಎಂಬ ಏರ್ಪಾಡು, ಶಾಲೆಗೆ ಬರುವುದೋ ಮನೆಯಲ್ಲಿರುವುದೋ ಪೋಷಕರ ಇಚ್ಛೆ. ಗಾಳಿ ಶೋಧಕವೂ ಲ್ಯಾಪ್‌ಟಾಪೂ ಇದ್ದ ಮನೆಗೆ ಅದು ನಿಜವಾಗಿ ಇಚ್ಛೆ; ಎರಡೂ ಇಲ್ಲದ ಮನೆಯ ಮಗು ಹೊಗೆಯಲ್ಲಿ ನಡೆದು ಹೋಗುತ್ತದೆ, ಇಲ್ಲವೆ ಕಲಿಯುವುದಿಲ್ಲ. ಆದುದರಿಂದ ಚಳಿಗಾಲದಲ್ಲಿ ಮುಚ್ಚಿದ ದಿನಗಳನ್ನು ಲೆಕ್ಕವಿಟ್ಟು, ಅಷ್ಟು ದಿನವನ್ನು ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಸಿಲಬಸ್ಸಿಗಲ್ಲದೆ ಓದುಬರೆಹದ ಮೂಲಪಾಠಕ್ಕೆ ಕಾನೂನಿನಂತೆ ಹಿಂದಿರುಗಿಸಬೇಕೆಂದೂ, ಪಾಲಿಕೆಯಿಂದ ನಿರ್ದೇಶನಾಲಯಕ್ಕೆ, ದೆಹಲಿಯಿಂದ ಹರಿಯಾಣಕ್ಕೂ ಉತ್ತರ ಪ್ರದೇಶಕ್ಕೂ ಮಗುವಿನೊಡನೆ ಅದರ ಕಲಿಕೆಯ ಮಟ್ಟದ ಪತ್ರವೂ ಹೋಗಬೇಕೆಂದೂ ನಾನು ಬಯಸುತ್ತೇನೆ.

ಇವು ಸರಕಾರದ ಕೆಲಸಗಳು. ನಮ್ಮ ಕೈಯಲ್ಲಿಯೂ ಒಂದಿದೆ. ಈ ನಗರದ ಕನ್ನಡ ಸಂಘಗಳ, ದೇವಾಲಯಗಳ, ವಸತಿ ಸಮುಚ್ಚಯಗಳ ಸಭಾಕೊಠಡಿಗಳು ಉತ್ಸವದ ದಿನಗಳನ್ನು ಬಿಟ್ಟರೆ ಸಂಜೆಯವರೆಗೂ ಬೀಗ ಹಾಕಿಯೇ ಇರುತ್ತವೆ. ನಿವೃತ್ತರಾದ ವಿದ್ಯಾವಂತರು ನಮ್ಮಲ್ಲಿ ಧಾರಾಳವಾಗಿದ್ದಾರೆ. ತಮಿಳುನಾಡಿನ ಮಾದರಿಯಲ್ಲಿ ದಿನಕ್ಕೆ ಒಂದು ಗಂಟೆ, ನಮ್ಮ ಮನೆಗಳಲ್ಲಿ ದುಡಿಯುವವರ ಮಕ್ಕಳಿಗೆ ಅಲ್ಲಿ ಓದು ಹೇಳಿಕೊಡಬಹುದು. ಆ ಮಕ್ಕಳ ಓದು ಹಿಂದಿಯದು, ಕನ್ನಡ ಸಂಘಕ್ಕೆ ಅದರಿಂದೇನೆಂದು ಹಿರಿಯರೊಬ್ಬರು ಉಪನ್ಯಾಸಕ್ಕೆ ಮುಂಚೆ ನನ್ನನ್ನು ವಿನೋದವಾಗಿ ಕೇಳಿದರು. ಅವರು ಈ ಊರಿನಲ್ಲಿ ನಾಲ್ಕು ದಶಕ ಹಿಂದಿಯಲ್ಲಿಯೇ ತರಕಾರಿ ಕೊಂಡಿದ್ದಾರೆ, ಕಡತ ನಡೆಸಿದ್ದಾರೆ, ಜಗಳವನ್ನೂ ಆಡಿದ್ದಾರೆ. ಮೂರನೆಯ ತರಗತಿಯ ಹಿಂದಿ ಅವರಿಗೆ ಕಷ್ಟವಾಗದು. ಮೊದಲ ವಾರದ ಸರದಿಗೆ ನನ್ನ ಹೆಸರಿನ ಕೆಳಗೆ ಅವರದನ್ನೂ ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ.